ಕಡಲಿಗೆ ಎಣ್ಣೆಯೆರೆದವರು

ಮುನಿದ ಕಡಲಿನ ಮೇಲೆ ಎಣ್ಣೆ ಸುರಿದು ಅಲೆಗಳನ್ನು ತಣಿಸುವ ಪದ್ಧತಿ ಯುರೋಪಿನ ನಾವಿಕರಲ್ಲಿ ಅತಿ ಪ್ರಾಚೀನವಾದುದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ರೋಮಿನ ಪ್ಲಿನಿ, ಎಣ್ಣೆಯಿಂದ ಸಮುದ್ರ ಶಾಂತವಾಗುವುದೆಂದೂ, ಮುಳುಗಿ ಕೆಲಸಮಾಡುವವರು ಬಾಯಲ್ಲಿ ಎಣ್ಣೆ ಹಿಡಿದು ನೀರಿಗಿಳಿದು ಅದನ್ನು ಉಗುಳಿ ಬೆಳಕು ಮಾಡಿಕೊಳ್ಳುವರೆಂದೂ ತನ್ನ ಪ್ರಕೃತಿಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಮೇಲಿನ ಕಿರುತೆರೆಗಳು ಅಡಗಿದರೆ ಬೆಳಕು ಚದರದೆ ಕೆಳಗಿಳಿಯುವುದೆಂಬುದು ಅವರ ಅನುಭವವಾಗಿದ್ದಿರಬೇಕು. 731ರಲ್ಲಿ ತನ್ನ ಇತಿಹಾಸಗ್ರಂಥವನ್ನು ಮುಗಿಸಿದ ಇಂಗ್ಲೆಂಡಿನ ಸಂನ್ಯಾಸಿ ಬೀಡ್, ಬಿಷಪ್ ಐಡನ್ ಮಂತ್ರಿಸಿ ಕೊಟ್ಟ ಎಣ್ಣೆಯನ್ನು ಪಾದ್ರಿಯೊಬ್ಬ ಬಿರುಗಾಳಿಯಲ್ಲಿ ಕಡಲಿಗೆ ಸುರಿಯಲು ಅಲೆಗಳೆಲ್ಲ ಅಡಗಿಹೋದುವೆಂದು ಹೇಳಿ, ಅದನ್ನು ಪವಾಡಗಳ ಸಾಲಿಗೆ ಸೇರಿಸಿದ. ಹೀಗೆ ಒಂದೇ ಸಂಗತಿ ಒಬ್ಬನಿಗೆ ವೃತ್ತಿಯ ಉಪಾಯವಾಗಿಯೂ ಇನ್ನೊಬ್ಬನಿಗೆ ದೈವಕೃಪೆಯಾಗಿಯೂ ಕಂಡಿತು. ಅದರ ಕಾರಣವನ್ನು ಕೂಲಂಕಷವಾಗಿ ಶೋಧಿಸುವ ಕೆಲಸ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಆ ಶೋಧನೆಗೆ ಕೈಯಿಕ್ಕಿದವನು ಸಿಡಿಲಿನ ಸ್ವಭಾವವನ್ನು ಬಯಲುಮಾಡಿ ಖ್ಯಾತನಾದ ಬೆಂಜಮಿನ್ ಫ್ರಾಂಕ್ಲಿನ್. 1757ರಲ್ಲಿ ಆತ ತೊಂಬತ್ತಾರು ಹಡಗುಗಳ ಪಡೆಯೊಂದರ ಜೊತೆ ಸಮುದ್ರಯಾನ ಮಾಡುತ್ತಿದ್ದಾಗ, ಎರಡು ಹಡಗುಗಳ ಹಿಂದಿನ ನೀರು ಮಾತ್ರ ನುಣ್ಣಗಿದ್ದು ಮಿಕ್ಕವುಗಳ ಹಿಂದೆ ಗಾಳಿಯಿಂದ ಕದಡಿರುವುದನ್ನು ಕಂಡು ಕಪ್ತಾನನನ್ನು ಕಾರಣ ಕೇಳಿದ. ಅಡಿಗೆಯವರು ಜಿಡ್ಡುನೀರನ್ನು ಆಗತಾನೆ ಹೊರಚೆಲ್ಲಿರಬೇಕೆಂದು, ಇಷ್ಟೂ ತಿಳಿಯದವನೆ ಎಂಬ ತಾತ್ಸಾರದಿಂದ, ಕಪ್ತಾನ ಉತ್ತರಕೊಟ್ಟ. ಆ ಉತ್ತರ ಫ್ರಾಂಕ್ಲಿನ್ನನಿಗೆ ಮೊದಲು ಒಪ್ಪಿಗೆಯಾಗದಿದ್ದರೂ ಮನಸ್ಸಿನಿಂದ ಮಾಸಿಹೋಗಲಿಲ್ಲ. ಬರ್ಮುಡಾದ ಬೆಸ್ತರು ಮೀನನ್ನು ಸ್ಪಷ್ಟವಾಗಿ ಕಾಣಲು ನೀರಿಗೆ ಎಣ್ಣೆ ಹಾಕುವರೆಂದೂ, ಲಿಸ್ಬನ್ನಿನ ಬೆಸ್ತರು ನದಿಯ ಮುಖದಲ್ಲಿ ಅಲೆ ಹೆಚ್ಚಾಗಿದ್ದರೆ ಒಂದೆರಡು ಸೀಸೆ ಎಣ್ಣೆ ಸುರಿದು ಒಳಹೊಗುವರೆಂದೂ ಮುಂದೆ ಆತ ಕೇಳಿ ತಿಳಿದ. ಪಾಮರರ ತಿಳಿವಳಿಕೆಯನ್ನು ಪಂಡಿತರು ಹಗುರವಾಗಿ ಕಾಣುವುದು ತಪ್ಪೆಂಬ ಭಾವ ಆತನ ಬರಹದಲ್ಲಿ ಎದ್ದುಕಾಣುತ್ತದೆ.

ಲಂಡನ್ನಿನ ಬಳಿಯ ಕ್ಲಾಪಮ್ ಬಯಲಿನ ದೊಡ್ಡ ಕೊಳದಲ್ಲಿ ಆತ ನಡೆಸಿದ ಪ್ರಯೋಗ ಇಂದಿಗೂ ಮನನಯೋಗ್ಯವಾದುದು. ಮೊದಲು ಅಲೆಗಳು ದೊಡ್ಡವಾಗಿದ್ದ ದಡದಲ್ಲಿ, ಎಂದರೆ ಗಾಳಿ ಬಂದು ತಾಕುವ ದಡದಲ್ಲಿ, ಎಣ್ಣೆ ಹಾಕಿದ. ಗಾಳಿ ಅದನ್ನು ಮರಳಿ ದಡಕ್ಕೇ ನೂಕಿತು. ಬಳಿಕ ಗಾಳಿ ಹೊರಡುವ ದಡಕ್ಕೆ ಹೋಗಿ ಒಂದೇ ಚಮಚೆಯಷ್ಟನ್ನು ಬಿಟ್ಟ. ಎಣ್ಣೆ ಕ್ಷಣಮಾತ್ರದಲ್ಲಿ ಕೆಲವು ಗಜ ಹಬ್ಬಿ, ನಿಧಾನವಾಗಿ ಮುಂದೆಮುಂದೆ ಸಾಗಿ, ಎದುರುದಡವನ್ನು ಮುಟ್ಟುವ ವೇಳೆಗೆ ಸುಮಾರು ಅರ್ಧ ಎಕರೆ ನೀರು ತೆರೆಯಿಲ್ಲದೆ ನಿಂತಿತ್ತು. ಅಂದಿನಿಂದ ಹಳ್ಳಿಗಾಡಿಗೆ ಹೊರಟಾಗಲೆಲ್ಲ ಆತ ತನ್ನ ಬಿದಿರಿನ ಊರುಗೋಲಿನ ಟೊಳ್ಳಿನಲ್ಲಿ ಒಂದಿಷ್ಟು ಎಣ್ಣೆ ತುಂಬಿಕೊಂಡು ಹೋಗುತ್ತಿದ್ದ. 1773ರಲ್ಲಿ ಪೋರ್ಟ್ಸ್‌ಮತ್ ಬಳಿಯ ಕಡಲಿನಲ್ಲಿ, ದಡಕ್ಕೆ ಬಂದು ಒಡೆಯುವ ಹೆದ್ದೆರೆಗಳನ್ನು ಎಣ್ಣೆಯಿಂದ ತಗ್ಗಿಸಬಹುದೇ ಎಂದು ನೋಡಿದಾಗ ಆ ಯತ್ನ ಫಲಿಸಲಿಲ್ಲ. ಆ ಸೋಲನ್ನೂ ಆತ ಮುಚ್ಚದೆ ವರದಿಯಲ್ಲಿ ಸೇರಿಸಿದ. ರಾಯಲ್ ಸೊಸೈಟಿಯ ಪತ್ರಿಕೆ 1774ರಲ್ಲಿ ಇವೆಲ್ಲವನ್ನೂ ಪ್ರಕಟಿಸಿತು.

ಆ ವರದಿಯ ಒಂದು ಸೂಕ್ಷ್ಮ ಅವಲೋಕನ ನಮ್ಮ ವಿಷಯದ ಮೂಲಕ್ಕೇ ಕೈಹಾಕುತ್ತದೆ. ನುಣುಪಾದ ಅಮೃತಶಿಲೆಯ ಮೇಜಿನ ಮೇಲೆ ಇಟ್ಟ ಎಣ್ಣೆಯ ಹನಿ ಹೆಚ್ಚು ಹರಡದೆ ಅಲ್ಲಿಯೇ ನಿಲ್ಲುತ್ತದೆ. ಅದೇ ಹನಿ ನೀರನ್ನು ಮುಟ್ಟಿದೊಡನೆ ಹಲವು ಅಡಿ ಹಬ್ಬಿ, ಕಾಮನಬಿಲ್ಲಿನ ಬಣ್ಣಗಳನ್ನು ತೋರಿಸಿ, ಇನ್ನೂ ತೆಳುವಾಗಿ ಕಣ್ಣಿಗೆ ಕಾಣದಾಗುತ್ತದೆ. ಎಣ್ಣೆಯ ಕಣಗಳು ಒಂದನ್ನೊಂದು ದೂಡುವುವೇನೋ ಎಂದು ಫ್ರಾಂಕ್ಲಿನ್ ಊಹಿಸಿದ. ಈಗಿನ ವಿಜ್ಞಾನ ಇದನ್ನು ಎರಡು ಆಕರ್ಷಣೆಗಳ ಸ್ಪರ್ಧೆಯೆಂದು ವಿವರಿಸುತ್ತದೆ. ಒಂದೇ ವಸ್ತುವಿನ ಅಣುಗಳು ತಮ್ಮತಮ್ಮೊಳಗೆ ಹಿಡಿದುಕೊಳ್ಳುವುದು ಸಂಸಕ್ತಿ. ಬೇರೊಂದು ವಸ್ತುವಿನ ಅಣುಗಳನ್ನು ಹಿಡಿದುಕೊಳ್ಳುವುದು ಆಸಂಜನ. ಕೆಸುವಿನ ಎಲೆಯ ಮೇಲೆ ಸಂಸಕ್ತಿಯೇ ಮೇಲುಗೈಯಾದ್ದರಿಂದ ಮಳೆಹನಿ ಗುಂಡಾಗಿ ಜಾರುತ್ತದೆ. ಹಣತೆಯ ಬತ್ತಿಯ ನೂಲಿನಲ್ಲಿ ಆಸಂಜನದ ಬಲದಿಂದ ಎಣ್ಣೆ ಮೇಲೇರುತ್ತದೆ. ಆಲಿವ್ ಎಣ್ಣೆಯಂತಹ ಸಸ್ಯತೈಲದ ಅಣುವಿನಲ್ಲಿ ನೀರನ್ನು ಒಲಿಯುವ ಒಂದು ತುದಿಯೂ ಒಲಿಯದ ಉದ್ದನೆಯ ಬಾಲವೂ ಇರುವುದರಿಂದ, ಎಣ್ಣೆಗೆ ನೀರಿನೊಡನಿರುವ ಆಸಂಜನ ತನ್ನೊಳಗಿನ ಸಂಸಕ್ತಿಯನ್ನು ಮೀರುತ್ತದೆ. ಆದುದರಿಂದಲೇ ಅದು ನಿಲ್ಲದೆ ಹಬ್ಬುತ್ತ ಹೋಗುತ್ತದೆ.

ಅಲೆ ಅಡಗುವುದೂ ಈ ತೆಳುಪೊರೆಯಿಂದಲೇ. ಗಾಳಿ ಮೊದಲು ಕಿರುತೆರೆಗಳನ್ನೆಬ್ಬಿಸಿ, ಅವುಗಳ ಒರಟನ್ನು ಹಿಡಿತವಾಗಿ ಮಾಡಿಕೊಂಡು ಇನ್ನಷ್ಟು ಬಲವನ್ನು ನೀರಿಗೆ ಊಡುತ್ತದೆ. ಪೊರೆ ಹಬ್ಬಿದ ನೀರಿನಲ್ಲಿ ಕಿರುತೆರೆಯೆದ್ದಾಗ ಪೊರೆ ಒಂದೆಡೆ ಹಿಗ್ಗಿ ಮತ್ತೊಂದೆಡೆ ಕುಗ್ಗುತ್ತದೆ. ಹಿಗ್ಗಿದಲ್ಲಿ ಮೇಲ್ಮೈಯ ಕರ್ಷಣ, ಎಂದರೆ ಮೇಲ್ಮೈ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಬಲ, ಹೆಚ್ಚಿ, ಕುಗ್ಗಿದಲ್ಲಿ ಕಡಿಮೆಯಾಗಿ, ಈ ಅಂತರವೇ ನೀರನ್ನು ಹಿಂದಕ್ಕೆಳೆದು ತೆರೆಯ ಶಕ್ತಿಯನ್ನು ಹೀರಿಬಿಡುತ್ತದೆ. ಈ ವಿವರಣೆಗೆ 1870ರ ದಶಕದಲ್ಲಿ ಇಟಲಿಯ ಕಾರ್ಲೊ ಮರಂಗೋನಿ ಬುನಾದಿ ಹಾಕಿದ. ಆಗಲೇ ಬೆಳೆದು ದಡಕ್ಕೆ ನುಗ್ಗಿಬರುವ ಹೆದ್ದೆರೆಯನ್ನು ಇಂತಹ ಪೊರೆ ತಡೆಯಲಾರದು. ಪೋರ್ಟ್ಸ್‌ಮತ್‌ನ ಸೋಲಿಗೆ ಇದೇ ಕಾರಣ.

ಕ್ಲಾಪಮ್ಮಿನ ಕೊಳದಲ್ಲಿ ಇನ್ನೊಂದು ನಿಧಿಯೂ ಅಡಗಿತ್ತು. ಚಮಚೆಗೆ ಎರಡು ಘನ ಸೆಂಟಿಮೀಟರ್ ಎಂದು ಹಿಡಿದು, ಅರ್ಧ ಎಕರೆಯ ಸುಮಾರು 2,000 ಚದರ ಮೀಟರಿನಿಂದ ಭಾಗಿಸಿದರೆ, ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಾಗುತ್ತದೆ. ಅದು ಬಹುಮಟ್ಟಿಗೆ ಒಂದು ಅಣುವಿನ ಎತ್ತರ. ಈ ಭಾಗಾಕಾರವನ್ನು ಫ್ರಾಂಕ್ಲಿನ್ ಮಾಡಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ, 1890ರಲ್ಲಿ, ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀ ಅಂತಹ ಲೆಕ್ಕವನ್ನು ಮಾಡಿದ; ಅದಕ್ಕೆ ಆತ ಬಳಸಿದ ಸಾಧನ ನಮ್ಮ ದೇವರಮನೆಯಲ್ಲಿಯೇ ಇರುವ ಕರ್ಪೂರ. ನಿರ್ಮಲವಾದ ನೀರಿನ ಮೇಲೆ ಕರ್ಪೂರದ ಸಣ್ಣ ಚೂರನ್ನು ಬಿಟ್ಟರೆ ಅದು ಗಿರ್ರನೆ ಸುತ್ತುತ್ತ ಅತ್ತಿತ್ತ ಓಡುತ್ತದೆ. ಕರಗಿದ ಕರ್ಪೂರ ಒಂದು ಮಗ್ಗುಲಿನ ಕರ್ಷಣವನ್ನು ತಗ್ಗಿಸಲು, ಬಲವಾದ ಮತ್ತೊಂದು ಮಗ್ಗುಲು ಚೂರನ್ನು ಎಳೆದೊಯ್ಯುವುದೇ ಆ ಓಟದ ಗುಟ್ಟು. ಎಣ್ಣೆಯ ಬೆರಳನ್ನು ನೀರಿಗೆ ತಾಕಿಸಿದರೆ ಸಾಕು, ಓಟ ಥಟ್ಟನೆ ನಿಲ್ಲುತ್ತದೆ. ಎಷ್ಟು ಎಣ್ಣೆಗೆ ಎಷ್ಟಗಲದ ನೀರಿನಲ್ಲಿ ಕರ್ಪೂರ ನಿಲ್ಲುವುದೆಂದು ತೂಗಿ ಅಳೆದು, ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದ ಸುಮಾರು 1.6 ಪಾಲೆಂದು ರೇಲೀ ಗಣಿಸಿದ.

ಇದೇ ಕಾಲದಲ್ಲಿ, ಜರ್ಮನಿಯ ಬ್ರೌನ್ಷ್ವೈಗ್ ಪಟ್ಟಣದ ಮನೆಯೊಂದರಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ಮಹಿಳೆ, ಮನೆವಾರ್ತೆಯನ್ನೂ ತಾಯಿತಂದೆಯರ ಶುಶ್ರೂಷೆಯನ್ನೂ ನಡೆಸುತ್ತಲೇ, ಇದೇ ರಹಸ್ಯವನ್ನು ಬೆನ್ನಟ್ಟಿದ್ದಳು. ವಿಶ್ವವಿದ್ಯಾನಿಲಯದ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದ ಕಾಲವದು. ತಮ್ಮನಾದ ಫ್ರೀಡ್ರಿಕ್ ಒದಗಿಸಿದ ಪುಸ್ತಕಗಳೇ ಆಕೆಗೆ ಗುರು. ಎಪ್ಪತ್ತು ಸೆಂಟಿಮೀಟರ್ ಉದ್ದ, ಐದು ಸೆಂಟಿಮೀಟರ್ ಅಗಲದ ತಗಡಿನ ದೋಣಿಯಲ್ಲಿ ಅಂಚಿನವರೆಗೆ ನೀರು ತುಂಬಿ, ಅದರ ಮೇಲೆ ಅಡ್ಡಲಾಗಿ ತಗಡಿನ ಪಟ್ಟಿಯೊಂದನ್ನಿಟ್ಟು, ಅದನ್ನು ಸರಿಸುತ್ತ ಮೇಲ್ಮೈಯನ್ನು ಬೇಕಾದಂತೆ ಕುಗ್ಗಿಸಿ ಹಿಗ್ಗಿಸಿದಳು; ಪುಟ್ಟ ಬಿಲ್ಲೆಯನ್ನು ನೀರಿನಿಂದ ಕಿತ್ತೆತ್ತಲು ಬೇಕಾದ ಬಲವನ್ನು ತಕ್ಕಡಿಯಲ್ಲಿ ತೂಗಿ, ಮೇಲ್ಮೈಯ ಕರ್ಷಣದ ಏರಿಳಿತವನ್ನು ಅಳೆದಳು. 1891ರ ಜನವರಿಯಲ್ಲಿ ಆಕೆ ರೇಲೀಗೆ ಪತ್ರ ಬರೆದಳು. ಆ ಮಹಾನುಭಾವ ಅದರ ಬೆಲೆಯನ್ನರಿತು, ಅನುವಾದವನ್ನು ತನ್ನ ಶಿಫಾರಸಿನೊಡನೆ ನೇಚರ್ ಪತ್ರಿಕೆಗೆ ಕಳುಹಿಸಿ, ಅದೇ ಮಾರ್ಚಿನಲ್ಲಿ ಅಚ್ಚುಮಾಡಿಸಿದ. ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇಂತಹುದೇ ದೋಣಿಯನ್ನು ಸುಧಾರಿಸಿಕೊಂಡು, ಅಣುಗಳು ನೀರಿನ ಮೇಲೆ ಒಂದೇ ಪದರವಾಗಿ ನಿಲ್ಲುವುದನ್ನು ತೋರಿಸಿಕೊಟ್ಟು, 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಪೊಕೆಲ್ಸ್‌ಗೆ ಅದೇ ವರ್ಷ ಅವಳ ಊರಿನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು; ಆಗ ಆಕೆಗೆ ಎಪ್ಪತ್ತು ವರ್ಷ.

ಹಳೆಯ ಪದ್ಧತಿಯೂ ಅಷ್ಟಕ್ಕೇ ಅಳಿಯಲಿಲ್ಲ. 1960ರ ಅಂತರರಾಷ್ಟ್ರೀಯ ನೌಕಾಸುರಕ್ಷಾ ಒಪ್ಪಂದ, ಹಡಗಿನ ಜೀವರಕ್ಷಕ ದೋಣಿಗಳಲ್ಲಿ ಒಂದು ಗ್ಯಾಲನ್ ಎಣ್ಣೆ ಇರಬೇಕೆಂದು ವಿಧಿಸಿ, ಅದು ಸಸ್ಯದ, ಮೀನಿನ ಅಥವಾ ಪ್ರಾಣಿಯ ಎಣ್ಣೆಯೇ ಆಗಿರಬೇಕೆಂದು ಸೇರಿಸಿತು. ಖನಿಜತೈಲದ ಅಣುವಿಗೆ ನೀರನ್ನು ಒಲಿಯುವ ತುದಿಯಿಲ್ಲ. ಅದು ನೀರಿನ ಮೇಲೆ ಹಾಗೆ ಹಬ್ಬದು. ಅಡಿಗೆಯವನ ಜಿಡ್ಡುನೀರು, ಬೆಸ್ತನ ಸೀಸೆ, ಗೃಹಿಣಿಯ ತಗಡಿನ ದೋಣಿ, ಇವುಗಳಲ್ಲಿ ಅಣುವಿನ ಅಳತೆಯೇ ಅಡಗಿತ್ತೆಂಬುದನ್ನು ನೆನೆದಾಗ, ಕೈಗೆಲಸದವರ ಮಾತನ್ನು ಪರೀಕ್ಷಿಸದೆ ತಳ್ಳಿಹಾಕುವುದು ಎಷ್ಟು ಅವಿವೇಕವೋ, ಪರೀಕ್ಷಿಸದೆ ಪವಾಡವೆಂದು ಕೈಮುಗಿಯುವುದೂ ಅಷ್ಟೇ ಅವಿವೇಕವೆಂದು ತೋರುತ್ತದೆ. ನಮ್ಮ ಬೆಸ್ತರೂ ಕುಂಬಾರರೂ ಗಾಣಿಗರೂ ಅಡಿಗೆಮನೆಯ ಹಿರಿಯರೂ ಬಲ್ಲ ಸಂಗತಿಗಳನ್ನು ಕೇಳಿ, ಬರೆದಿಟ್ಟು, ಅಳೆದು ನೋಡುವವರು ನಮ್ಮ ಶಾಲೆಗಳಿಂದ ಹೊರಟುಬರಬೇಕು.