ಕಿಡಿಯ ಗಳಿಗೆ, ಹನಿಯ ಗಳಿಗೆ

ಆಳಂದದ ಕಡೆ, ನಮ್ಮ ಕಿಣ್ಣಿ ಸುಲ್ತಾನದಂಥ ಊರುಗಳಲ್ಲಿ ಟ್ರ್ಯಾಕ್ಟರ್ ಹೊಗೆ ಕಾರಿದರೆ ಮಿಸ್ತ್ರಿ 'ಟೈಮಿಂಗ್ ಔಟಾಗ್ಯಾದ' ಅಂತಾನೆ. ಈ ಟೈಮಿಂಗ್‌ಗೂ ಒಂದು ಇತಿಹಾಸ ಇದೆ.

1917ರ ಫೋರ್ಡ್‌ಸನ್ ಟ್ರ್ಯಾಕ್ಟರು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುತ್ತಿತ್ತು. ಕಿಡಿ ಕೊಡುತ್ತಿದ್ದದ್ದು ಫ್ಲೈವೀಲಿನ ಆಯಸ್ಕಾಂತಗಳು, ಅಂದರೆ ಮ್ಯಾಗ್ನೆಟೊ. ಹ್ಯಾಂಡಲ್ ತಿರುವುವ ಮುಂಚೆ ಕಿಡಿಯನ್ನು ತಡಮಾಡಬೇಕು. ಪಿಸ್ಟನ್ ಮೇಲೆ ಬರುವ ಮೊದಲೇ ಕಿಡಿ ಹಾರಿದರೆ ಎಂಜಿನ್ ಉಲ್ಟಾ ಒದ್ದು ತಿರುವಿದವನ ಕೈಯೇ ಮುರಿಯಬಹುದು! ಓಡತೊಡಗಿದ ಮೇಲೆ ಕಿಡಿ ಬೇಗ ಬರಬೇಕು, ಇಲ್ಲದಿದ್ದರೆ ಎಳೆಯುವ ಶಕ್ತಿ ಇಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಒತ್ತಡಕ್ಕೆ ಕಾದ ಗಾಳಿಯೊಳಗೆ ಎಣ್ಣೆ ಚಿಮ್ಮುವ ಗಳಿಗೆಯೇ ಟೈಮಿಂಗ್. ತಮಾಷೆ ಎಂದರೆ, 1887ರಲ್ಲಿ ಮ್ಯಾಗ್ನೆಟೊ ಮಾಡಿದ ಬಾಷ್ ಕಂಪನಿಯೇ 1927ರಲ್ಲಿ ಡೀಸೆಲ್ ಪಂಪನ್ನೂ ತಂದಿತು. 1951ರಲ್ಲಿ ಹುಟ್ಟಿದ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಎರಡನ್ನೂ ಮಾಡಿತು.

ಹಳೇ ಸಾಲು ಪಂಪಿನ ಟೈಮಿಂಗ್ ಕೂಡಿಸಲು ಮೊದಲ ಪೈಪು ಬಿಚ್ಚಿ, ಡೆಲಿವರಿ ವಾಲ್ವು ತೆಗೆದು, ಎಂಜಿನ್ನನ್ನು ನಿಧಾನ ತಿರುವುತ್ತಾರೆ. ಎಣ್ಣೆಯ ಹನಿ ನಿಂತ ಗಳಿಗೆ ಫ್ಲೈವೀಲಿನ ಗುರುತಿಗೆ ಕೂಡಬೇಕು. ನಿಮಿಷಕ್ಕೆ 1500 ಸುತ್ತಿನಲ್ಲಿ ಒಂದು ಡಿಗ್ರಿ ಅಂದರೆ ಸೆಕೆಂಡಿನ 9000ದಲ್ಲಿ ಒಂದು ಪಾಲು. ನಾವು ಮಿಲಿಸೆಕೆಂಡಿಗೇ ಬೀಗುವ ಸಾಫ್ಟ್‌ವೇರಿನವರು!

ತೊಗರಿ ಬಿತ್ತುವ ಹೊತ್ತಿಗೆ ಹನಿ ನೋಡಿ ಇದನ್ನು ಕೂಡಿಸಿಕೊಟ್ಟ ಮಿಸ್ತ್ರಿಗಳು ಕಂಪನಿಗಳ ಚರಿತ್ರೆಯಲ್ಲಿ ಸಿಗುವುದಿಲ್ಲ. ನಿಮ್ಮೂರಿನಲ್ಲಿ ಅಂಥವರಿದ್ದರೆ ಕೇಳಿ ಬರೆದಿಡಿ.