ಅವಿಧೇಯೆಯರ ಗ್ರಹ ಮತ್ತು ಸುರಪುರದ ರಾಣಿ ಈಶ್ವರಮ್ಮ

ಚಿತ್ರಕಥೆಗಳನ್ನು ಬಾಲಕರ ವಿನೋದವೆಂದು ಬದಿಗಿಡುವ ಅಭ್ಯಾಸ ನನಗೂ ಇತ್ತು. ಅದನ್ನು ಬಿಡಿಸಿದ್ದು ‘ಬಿಚ್ ಪ್ಲ್ಯಾನೆಟ್’. ಕೆಲ್ಲಿ ಸ್ಯೂ ಡಿಕಾನಿಕ್ ಬರೆದು, ವ್ಯಾಲಂಟೈನ್ ಡಿ ಲ್ಯಾಂಡ್ರೊ ಚಿತ್ರಿಸಿದ ಈ ಕೃತಿಯ ಮೊದಲ ಸಂಚಿಕೆ 2014ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರ ಭವಿಷ್ಯಲೋಕವನ್ನು ಆಳುವವರು ‘ಪಿತೃಗಳು’. ಅವರ ಮಾತಿಗೆ ಒಗ್ಗದ ಸ್ತ್ರೀಯರಿಗೆ ‘ಅವಿಧೇಯೆ’ ಎಂಬ ಮುದ್ರೆ ಬೀಳುತ್ತದೆ. ದೂರದ ಗ್ರಹವೊಂದರ ಸೆರೆಮನೆಗೆ ಅವರನ್ನು ಸಾಗಿಸಲಾಗುತ್ತದೆ. ಮೇರಿಯನ್ ಕಾಲಿನ್ಸ್ ಎಂಬಾಕೆಯನ್ನು ಅಲ್ಲಿಗೆ ಅಟ್ಟಿದವನು ಆಕೆಯ ಪತಿಯೇ; ಅವನಿಗೆ ಕಿರಿಯಳೊಬ್ಬಳು ಬೇಕಾಗಿದ್ದಳು. ಹೆಣ್ಣಿನ ಅಪರಾಧವನ್ನು ದಾಖಲಿಸುವವನಿಗೆ ಆ ಅಪರಾಧದಿಂದಲೇ ಲಾಭವಿದೆಯೆಂಬ ಸಂಗತಿ ನನ್ನನ್ನು ಸುರಪುರದ ಕಡೆಗೆ ತಿರುಗಿಸಿತು.

ಸುರಪುರದ ಬೇಡ ಅರಸ ಕೃಷ್ಣಪ್ಪ ನಾಯಕನ ಮರಣಾನಂತರ, 1840ರ ದಶಕದ ಆರಂಭದಲ್ಲಿ, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ತಾಯಿ ಈಶ್ವರಮ್ಮ ರಾಜ್ಯಸೂತ್ರವನ್ನು ಹಿಡಿದಳು. ಆಗ ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರವರೆಗೆ ಸಂಸ್ಥಾನದ ವ್ಯವಹಾರವನ್ನು ನಡೆಸಿದನು. ಆಡಳಿತದ ಹಿಡಿತವನ್ನು ರಾಣಿಯ ಕೈಯಿಂದ ಬಿಡಿಸುವುದು ಅವನ ಮುಖ್ಯ ಕಾರ್ಯಗಳಲ್ಲೊಂದಾಗಿತ್ತು. ಅವನ ಆತ್ಮಕಥೆ ಅಚ್ಚಾದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ಅಲ್ಲಿ ರಾಣಿಯ ರಾಜಕಾರಣದ ಚರ್ಚೆಯ ಜೊತೆಯಲ್ಲಿಯೇ ಆಕೆಯ ಶೀಲದ ವಿಚಾರಣೆಯೂ ನಡೆಯುತ್ತದೆ. ಪುರುಷ ಅರಸರಿಗೆ ಇಂತಹ ವಿಚಾರಣೆ ಎಷ್ಟು ಬಾರಿ ನಡೆದಿದೆ?

ಟೇಲರನನ್ನು ದುಷ್ಟನೆನ್ನಲಾರೆ. ಬಾಲರಾಜ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಈ ಸಂಬೋಧನೆಯನ್ನು ನೆನೆದಾಗ ಮೇಲಿನ ‘ಪಿತೃಗಳು’ ನೆನಪಾಗದಿರುವುದಿಲ್ಲ. ಆದರೂ ಆ ವಾತ್ಸಲ್ಯ ನಿಜವಾದದ್ದೆಂದೇ ನನ್ನ ನಂಬಿಕೆ. ಶಹಾಪುರದ ಬಳಿಯ ವಿಭೂತಿಹಳ್ಳಿಯ ಶಿಲಾಪಂಕ್ತಿಗಳನ್ನೂ ರಾಜನ ಕೋಳೂರಿನ ಶಿಲಾಸಮಾಧಿಗಳನ್ನೂ ವಿದ್ವಲ್ಲೋಕಕ್ಕೆ ಪರಿಚಯಿಸಿದವನು ಅವನೇ. ಸುರಪುರದ ಚರಿತ್ರೆ ಬರೆಯುವ ಯಾರೂ ಅವನ ಋಣವಿಲ್ಲದೆ ಒಂದಡಿ ಮುಂದಿಡಲಾರರು, ನಾನೂ ಇಟ್ಟಿಲ್ಲ. ತೊಡಕಿರುವುದು ಅಲ್ಲಿಯೇ. ಆಕೆಯನ್ನು ಅಧಿಕಾರದಿಂದ ಸರಿಸಿದವನ ಲೇಖನಿಯೇ ಆಕೆಯ ಪರಿಚಯಪತ್ರವಾಗಿ ನಮಗೆ ಉಳಿದಿದೆ. ನಾವು ಅದನ್ನು ಸಾಕ್ಷ್ಯವೆಂದು ಎತ್ತಿಕೊಳ್ಳುತ್ತೇವೆ. ಅದು ವಾದಿಯ ಹೇಳಿಕೆಯೆಂಬುದನ್ನು ಮರೆಯುತ್ತೇವೆ.

ಚಿತ್ರಕಥೆಯ ಮೂರನೆಯ ಸಂಚಿಕೆಯಲ್ಲಿ ಪೆನ್ನಿ ರೋಲ್ ಎಂಬ ಬಂದಿನಿಯನ್ನು ಯಂತ್ರವೊಂದರ ಮುಂದೆ ಕೂಡಿಸುತ್ತಾರೆ. ಆಕೆ ತಾನು ಹೇಗಿರಬೇಕೆಂದು ಬಯಸುತ್ತಾಳೋ ಆ ರೂಪವನ್ನು ಅದು ತೋರಿಸಬೇಕು. ಪಿತೃಗಳು ತಮಗೊಪ್ಪುವ ಕೃಶಾಂಗಿಯೊಬ್ಬಳನ್ನು ನಿರೀಕ್ಷಿಸಿದರೆ, ಅಲ್ಲಿ ಮೂಡುವುದು ಇದ್ದಂತೆಯೇ ಇರುವ ಪೆನ್ನಿ. ಈಶ್ವರಮ್ಮನಿಗೆ ಅಂತಹ ಕನ್ನಡಿ ಒದಗಲಿಲ್ಲ.

1858ರ ದಂಗೆಯಲ್ಲಿ ಸೋತ ವೆಂಕಟಪ್ಪ ನಾಯಕ ಸೆರೆಯಾಳಾಗಿ ಸಾಗುವಾಗ ಗುಂಡಿಗೆ ಬಲಿಯಾದನು. ಮಗನಿಗೆ ವೀರನೆಂಬ ಕೀರ್ತಿ ದೊರೆಯಿತು. ಇತ್ತ ಟೇಲರನ ‘ಎ ನೋಬಲ್ ಕ್ವೀನ್’ ಕಾದಂಬರಿ 1878ರಲ್ಲಿ ಹೊರಬಂದಿತು. ಅದರ ನಾಯಿಕೆ, ಬಿಜಾಪುರದಲ್ಲಿ ಬಾಲಕ ಸುಲ್ತಾನನ ಪರವಾಗಿ ರಾಜ್ಯವಾಳಿದ ಚಾಂದ್‌ಬೀಬಿ. ಸುಮಾರು ಮುನ್ನೂರು ವರ್ಷ ಹಿಂದಿನ ರಾಣಿಯಲ್ಲಿ ಅವನು ಕಂಡ ಔದಾತ್ಯ, ಅದೇ ಕಾರ್ಯವನ್ನು ತನ್ನ ಕಣ್ಣೆದುರಿಗೆ ಮಾಡುತ್ತಿದ್ದವಳಲ್ಲಿ ಕಾಣಲಿಲ್ಲ. ಹೈದರಾಬಾದು ರೆಸಿಡೆನ್ಸಿಯ ಕಾಗದಪತ್ರಗಳನ್ನು ತೆರೆಯುವ ತರುಣ ಸಂಶೋಧಕರು ಟೇಲರನ ವರದಿಗಳಿಗಿಂತ ಮೊದಲು ಈಶ್ವರಮ್ಮನ ಅರ್ಜಿಗಳನ್ನು ಅರಸಲಿ.