ಗಾಜಿನ ಪೈಪ್ ತೊಳೆದರೆ ಹೊಗೆಯ ವಿಷವೂ ಹೋಗುತ್ತದೆಯೇ? ಉಪ್ಪು–ಸ್ಯಾನಿಟೈಸರ್ ಸಲಹೆಯ ಹಿಂದಿನ ಸತ್ಯ

ಸೇದುವ ಗಾಜಿನ ಪೈಪ್‌ನೊಳಗೆ ಕಟ್ಟಿಕೊಂಡ ಕಪ್ಪು ಅಂಟನ್ನು ತೆಗೆಯಲು ಮೊಬೈಲ್‌ಗಳಲ್ಲಿ ಬಗೆಬಗೆಯ ಉಪಾಯಗಳು ಓಡಾಡುತ್ತವೆ. ಉಪ್ಪು ಹಾಕಿ ಸ್ಯಾನಿಟೈಸರ್ ಸುರಿದು ಕುಲುಕಿ, ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ, ನಿಂಬೆರಸದಲ್ಲಿ ನೆನೆಹಾಕಿ ಎಂಬಂಥವು. ಕೆಲವು ಸಲಹೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೈಪ್ ಶುಚಿಯಾಗಿದ್ದರೆ ಟಾರ್ ಒಳಗೆ ಹೋಗುವುದಿಲ್ಲ, ಆದ್ದರಿಂದ ತೊಂದರೆಯೂ ಇಲ್ಲ ಎನ್ನುತ್ತವೆ. ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು, ಯಾವುದು ಅಪಾಯ ಎಂದು ನಾವು ಒಂದೊಂದಾಗಿ ನೋಡೋಣ.

ಮೊದಲು ಚುಟುಕು ಉತ್ತರ

ಆಲ್ಕೋಹಾಲ್ ಮತ್ತು ಉಪ್ಪಿನಿಂದ ಗಾಜು ಶುಚಿಯಾಗುವುದು ನಿಜ. ಶುಚಿಯಾದ ಗಾಜಿನಿಂದ ಹೊಗೆ ಶುಚಿಯಾಗುತ್ತದೆ ಎಂಬುದು ಸುಳ್ಳು. ತೊಳೆಯುವಾಗ ಬೆಂಕಿ ಹತ್ತುವುದು, ವಿಷಾನಿಲ ಹುಟ್ಟುವುದು, ಮಕ್ಕಳು ಆ ನೀರು ಕುಡಿದುಬಿಡುವುದು ಇವು ನಿಜವಾದ ಅಪಾಯಗಳು.

ಆ ಕಪ್ಪು ಅಂಟು ಏನು?

ಎಲೆಯಾಗಲಿ ಸೌದೆಯಾಗಲಿ ಪೂರ್ತಿ ಉರಿದರೆ ಉಳಿಯುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಬೂದಿ. ಆದರೆ ಪೈಪ್‌ನಲ್ಲಿ ಎಲೆ ಧಗಧಗ ಉರಿಯುವುದಿಲ್ಲ, ಹೊಗೆಯಾಡುತ್ತಾ ಕಮರುತ್ತದೆ. ಗಾಳಿ ಸಾಲದ ಕಡೆ ಎಲೆಯ ಅಂಶಗಳು ಒಡೆದು ಸಾವಿರಾರು ಹೊಸ ರಾಸಾಯನಿಕಗಳಾಗುತ್ತವೆ. ಇವು ಆವಿಯಾಗಿ, ಸಣ್ಣ ಹನಿಗಳಾಗಿ ಮೇಲೇಳುತ್ತವೆ. ತಣ್ಣನೆಯ ಗಾಜಿಗೆ ತಾಗಿದ ಕೂಡಲೇ ಒಂದಷ್ಟು ಭಾಗ ಅಲ್ಲೇ ಅಂಟಿಕೊಳ್ಳುತ್ತದೆ. ಪಾತ್ರೆಯ ಮುಚ್ಚಳಕ್ಕೆ ಆವಿ ತಾಗಿ ಹನಿಗಟ್ಟುವ ಹಾಗೆಯೇ ಇದು. ನೀರಿನ ಹನಿ ಆರಿಹೋಗುತ್ತದೆ, ಟಾರ್ ಆರುವುದಿಲ್ಲ. ಪದರದ ಮೇಲೆ ಪದರ ಕೂತು ಗಟ್ಟಿಯಾಗುತ್ತದೆ.

ದಾಂಡೇಲಿಯವರಿಗೆ ಇದರ ಒಂದು ಭಾಗ ಗೊತ್ತಿರುವ ವಿಷಯವೇ. ಮರದಲ್ಲಿ ನಾರುಗಳನ್ನು ಬಿಗಿಯಾಗಿ ಹಿಡಿದಿಡುವ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನಂಥ ಕಾರ್ಖಾನೆಗಳಲ್ಲಿ ಕಾಗದಕ್ಕೆ ಬೇಕಾದ ನಾರನ್ನು ಬಿಡಿಸಲು ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಇರುವ ದ್ರಾವಣದಲ್ಲಿ ಬೇಯಿಸುತ್ತಾರೆ. ಆಗ ಲಿಗ್ನಿನ್ ಕರಗಿ ಕಪ್ಪು ದ್ರವವಾಗಿ ಹೊರಬರುತ್ತದೆ. ಅದೇ ಲಿಗ್ನಿನ್ ಬೆಂಕಿಯಲ್ಲಿ ಕಮರಿದರೆ ಫಿನಾಲ್ ಜಾತಿಯ ರಾಸಾಯನಿಕಗಳಾಗಿ ಒಡೆಯುತ್ತದೆ. ಹೊಗೆಗೆ ಆ ಘಾಟು ವಾಸನೆ ಬರುವುದರಲ್ಲಿ ಇವುಗಳ ಪಾಲು ದೊಡ್ಡದು.

ತಂಬಾಕಿನ ಪೈಪ್‌ನ ಅಂಟಿನಲ್ಲಿ ಇವುಗಳ ಜೊತೆಗೆ ನಿಕೋಟಿನ್, ಕ್ಯಾನ್ಸರ್ ತರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಮತ್ತು ತಂಬಾಕಿಗೇ ವಿಶೇಷವಾದ ನೈಟ್ರೋಸಮೈನ್‌ಗಳು ಇರುತ್ತವೆ. ಹಾಗಾಗಿ ಅದು ಬರೀ ಕೊಳೆ ಅಲ್ಲ. ಬರಿಗೈಯಲ್ಲಿ ಕೆರೆದು ತೆಗೆಯುವ ವಸ್ತುವಂತೂ ಅಲ್ಲ.

ಕಂದೀಲಿನ ಮಸಿ ಬೂದಿಗೆ ಹೋಗುತ್ತದೆ, ಇದೇಕೆ ಹೋಗುವುದಿಲ್ಲ?

ಮಳೆಗಾಲದಲ್ಲಿ ಕರೆಂಟು ಹೋದಾಗ ಕಂದೀಲು ಹಚ್ಚಿದ ಮನೆಯವರಿಗೆ ಗಾಜು ಒರೆಸುವ ಕೆಲಸ ಹೊಸದಲ್ಲ. ಬೂದಿ, ಹಳೆ ಬಟ್ಟೆ, ಇಲ್ಲವೇ ಮುದುಡಿದ ಕಾಗದ ಇಷ್ಟು ಸಾಕಿತ್ತು. ಕಂದೀಲಿನ ಗಾಜಿಗೆ ಹಿಡಿಯುವುದು ಹೆಚ್ಚಾಗಿ ಒಣ ಇಂಗಾಲದ ಪುಡಿ, ಅಂದರೆ ಮಸಿ. ಅದನ್ನು ಒರೆಸಿ ತೆಗೆಯಬಹುದು. ಪೈಪ್‌ನದು ಎಣ್ಣೆ ಮತ್ತು ರಾಳ ಸೇರಿದ ಅಂಟು. ನೀರಿಗೆ ಅದು ಜಗ್ಗುವುದಿಲ್ಲ. ಹಲಸಿನ ಹಣ್ಣಿನ ಮೇಣ ನೀರಿಗೆ ಹೋಗದೆ ಕೊಬ್ಬರಿ ಎಣ್ಣೆಗೆ ಬಿಡುತ್ತದಲ್ಲ, ತತ್ವ ಅದೇ. ಯಾವ ವಸ್ತುವಿಗೆ ಯಾವುದು ಸ್ವಭಾವದಲ್ಲಿ ಹತ್ತಿರವೋ ಅದರಲ್ಲೇ ಅದು ಕರಗುತ್ತದೆ.

ಯಾವ ಉಪಾಯ ಎಷ್ಟು ಕೆಲಸ ಮಾಡುತ್ತದೆ?

ಆಲ್ಕೋಹಾಲ್ ಮತ್ತು ಉಪ್ಪು: ಕೆಲಸ ಮಾಡುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಟಾರ್ ಅನ್ನು ಚೆನ್ನಾಗಿ ಕರಗಿಸುತ್ತದೆ. ಉಪ್ಪು ಮಾತ್ರ ಅದರಲ್ಲಿ ಹೆಚ್ಚು ಕರಗುವುದಿಲ್ಲ. ಹರಳಾಗಿಯೇ ಉಳಿದು ಒಳಗಿನ ಗೋಡೆಯನ್ನು ಉಜ್ಜುತ್ತದೆ. ಉಪ್ಪಿನ ಹರಳು ಗಾಜಿಗಿಂತ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ. ಹೊಳೆಯ ಮರಳು ಗಾಜಿಗಿಂತ ಗಟ್ಟಿ, ಅದು ಗೀರುತ್ತದೆ. ಗೀರಿದ ಕಡೆ ಮುಂದೆ ಅಂಟು ಇನ್ನೂ ಬಿಗಿಯಾಗಿ ಕೂರುತ್ತದೆ.

ಸ್ಯಾನಿಟೈಸರ್: ಅರೆಬರೆ. ಅದರಲ್ಲಿ ಆಲ್ಕೋಹಾಲ್ ಇರುವುದರಿಂದ ಸ್ವಲ್ಪ ಕರಗಿಸುತ್ತದೆ. ಆದರೆ ಅದಕ್ಕೆ ಗ್ಲಿಸರಿನ್, ಕೆಲವೊಮ್ಮೆ ಸುಗಂಧ, ಜೆಲ್ ಆಗಿಸುವ ವಸ್ತುಗಳನ್ನೂ ಸೇರಿಸಿರುತ್ತಾರೆ. ಸರಿಯಾಗಿ ತೊಳೆಯದಿದ್ದರೆ ಇವು ಗಾಜಿನಲ್ಲೇ ಉಳಿದು ಮುಂದಿನ ಸಲ ಬಿಸಿಗೆ ಸುಟ್ಟು ಬಾಯಿಗೆ ಬರುತ್ತವೆ.

ಅಡುಗೆ ಸೋಡಾ ಮತ್ತು ವಿನೆಗರ್: ನೋಡಲು ಚೆಂದ, ಕೆಲಸ ಕಡಿಮೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಸೇರಿದರೆ ಬುಸ್ಸೆಂದು ನೊರೆ ಬಂದು ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಬಹುಪಾಲು ಉಪ್ಪುಪ್ಪು ನೀರು. ನೊರೆಯ ರಭಸಕ್ಕೆ ಸಡಿಲವಾದ ಚೂರು ಬಿದ್ದೀತು, ಅಂಟು ಕರಗುವುದಿಲ್ಲ.

ನಿಂಬೆರಸ, ಕೋಲಾ: ಇವು ಆಮ್ಲಗಳು. ಗಡಸು ನೀರಿನ ಬಿಳಿ ಕಲೆಗೆ ಉಪಯೋಗ, ಟಾರ್‌ಗೆ ಅಲ್ಲ.

ಬಿಸಿನೀರು ಮತ್ತು ಪಾತ್ರೆ ಸೋಪು: ಹೊಸ ಅಂಟಿಗೆ ಸಾಕು, ಹಳೆಯದಕ್ಕೆ ಸಾಲದು. ಒಂದು ಎಚ್ಚರಿಕೆ ಇದೆ. ಸಾಮಾನ್ಯ ಗಾಜಿಗೆ ಒಮ್ಮೆಲೇ ಕುದಿಯುವ ನೀರು ಸುರಿದರೆ ಸೀಳುತ್ತದೆ. ಪ್ರಯೋಗಾಲಯದಲ್ಲಿ ಬಳಸುವ ಬೋರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಸುಮಾರು 3ರಲ್ಲಿ 1 ಭಾಗ ಮಾತ್ರ, ಹಾಗಾಗಿ ತಡೆದುಕೊಳ್ಳುತ್ತದೆ. ಪೈಪ್ ಯಾವ ಗಾಜಿನದು ಎಂದು ನೋಡಿ ಹೇಳಲು ಬರುವುದಿಲ್ಲ. ಕಣ್ಣಿಗೆ ಕಾಣದ ಸೀಳು ಬಿಟ್ಟ ಗಾಜು ಮುಂದೆ ಬಿಸಿಗೆ ಕೈಯಲ್ಲೇ ಒಡೆಯಬಹುದು.

ಈ ನಾಲ್ಕು ತಪ್ಪು ಮಾಡಲೇಬೇಡಿ

1. ಆಲ್ಕೋಹಾಲ್ ಅನ್ನು ಒಲೆಯ ಹತ್ತಿರ ತರಬೇಡಿ, ಬಿಸಿ ಮಾಡಲೇಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನ ಆವಿ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿಗೆ ಹತ್ತಿಕೊಳ್ಳಬಲ್ಲದು. ನಮ್ಮ ಕಡೆಯ ಚಳಿಗಾಲದ ಹಗಲು ಕೂಡ ಅದಕ್ಕಿಂತ ಬೆಚ್ಚಗಿರುತ್ತದೆ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ. ತೊಳೆದ ಪೈಪ್ ಪೂರ್ತಿ ಒಣಗುವ ಮೊದಲು ಕಡ್ಡಿ ಗೀರಿದರೆ ಉರಿಯುವುದು ಮುಖದ ಹತ್ತಿರ.

2. ಬ್ಲೀಚಿಂಗ್ ದ್ರಾವಣಕ್ಕೆ ಏನನ್ನೂ ಬೆರೆಸಬೇಡಿ. ಟಾಯ್ಲೆಟ್ ಕ್ಲೀನರ್ ಅಥವಾ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಆಲ್ಕೋಹಾಲ್ ಸೇರಿದರೂ ಕ್ಲೋರೊಫಾರ್ಮ್‌ನಂಥ ವಿಷವಸ್ತುಗಳು ಬರುತ್ತವೆ. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೇ ಬರಬಹುದು.

3. ಬಣ್ಣದಂಗಡಿಯ ಥಿನ್ನರ್, ಪೆಟ್ರೋಲ್, ಪಾಲಿಶ್ ಸ್ಪಿರಿಟ್ ಬಳಸಬೇಡಿ. ಪಾಲಿಶ್ ಸ್ಪಿರಿಟ್‌ನಲ್ಲಿ ಮೆಥನಾಲ್ ಇರಬಹುದು. ಅದು ಒಳಗೆ ಹೋದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು.

4. ತೊಳೆದ ಕಪ್ಪು ನೀರನ್ನು ಲೋಟದಲ್ಲೋ ನೀರಿನ ಬಾಟಲಿಯಲ್ಲೋ ಇಡಬೇಡಿ. ನಿಕೋಟಿನ್ ನೀರಿನಲ್ಲೂ ಆಲ್ಕೋಹಾಲ್‌ನಲ್ಲೂ ಕರಗುತ್ತದೆ, ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಸಣ್ಣ ಮಕ್ಕಳಿಗೆ ಸ್ವಲ್ಪ ಹೋದರೂ ಅಪಾಯ. ಕುಡಿದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ದಾಂಡೇಲಿ, ಜೋಯಿಡಾ ಕಡೆಗೆ ರಾಫ್ಟಿಂಗ್‌ಗೆಂದು ಬರುವವರಿಗೂ, ಅವರಿಗೆ ಮನೆ ಬಿಟ್ಟುಕೊಡುವ ಹೋಮ್‌ಸ್ಟೇಯವರಿಗೂ ಒಂದು ಮಾತು. ಈ ಕೆಲಸಕ್ಕೆ ಅಡುಗೆಮನೆಯ ಪಾತ್ರೆ ಬಳಸಲು ಬಿಡಬೇಡಿ. ಆ ನೀರನ್ನು ಕಾಳಿ ಹೊಳೆಗೆ ಚೆಲ್ಲಬೇಡಿ. ಸ್ಪಿರಿಟ್ ಹೀರಿದ ಬಟ್ಟೆಯನ್ನು ಬೇಸಿಗೆಯಲ್ಲಿ ಒಣ ಎಲೆಯ ಮೇಲೆ ಎಸೆಯಬೇಡಿ. ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು.

ಹೇಳಿಕೆ: ತೊಳೆದ ಪೈಪ್‌ನಲ್ಲಿ ಸೇದಿದರೆ ಹಾನಿ ಇಲ್ಲ

ಸುಳ್ಳು. ಗಾಜಿಗೆ ಅಂಟಿದ ಟಾರ್ ಹಿಂದೆ ಸೇದಿದ್ದರ ಉಳಿಕೆ. ಇವತ್ತಿನ ಟಾರ್ ಇವತ್ತಿನ ಬೆಂಕಿಯಲ್ಲಿ ಹೊಸದಾಗಿ ಹುಟ್ಟುತ್ತದೆ. ಗಾಜು ಎಷ್ಟು ಹೊಳೆಯುತ್ತಿದ್ದರೂ ಎಲೆ ಕಮರುವ ರೀತಿ ಬದಲಾಗುವುದಿಲ್ಲ. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಕನಿಷ್ಠ 70 ಕ್ಯಾನ್ಸರ್ ತರುವಂಥವು. ಹೃದಯಕ್ಕೆ ಏಟು ಕೊಡುವ ಕಾರ್ಬನ್ ಮಾನಾಕ್ಸೈಡ್ ಅನಿಲವಂತೂ ಗಾಜಿಗೆ ಅಂಟುವುದೇ ಇಲ್ಲ, ನೇರ ರಕ್ತಕ್ಕೆ ಹೋಗುತ್ತದೆ.

ಇದಕ್ಕೆ ತಿರುಗುಮುರುಗಾದ ಮಾತೂ ಇದೆ. ಅಂಟು ಇದ್ದರೆ ಒಳ್ಳೆಯದು, ಅದು ಸೋಸುತ್ತದೆ, ತೊಳೆಯಬಾರದು ಎನ್ನುವವರಿದ್ದಾರೆ. ಇದೂ ತಪ್ಪು. ಗಾಜಿನ ಮೇಲೆ ಉಳಿದದ್ದು ಶ್ವಾಸಕೋಶಕ್ಕೆ ಹೋಗದೆ ತಪ್ಪಿಸಿಕೊಂಡ ಒಂದು ಪಾಲು ಮಾತ್ರ. ಪೈಪ್ ಕಪ್ಪಾಗಿದ್ದರೆ ಅದನ್ನು ಫಿಲ್ಟರ್ ಎಂದು ಓದಬೇಡಿ, ಉಳಿದ ಪಾಲು ಎಲ್ಲಿಗೆ ಹೋಯಿತು ಎಂದು ಯೋಚಿಸಿ.

ಶುಚಿ ಮಾಡುವುದರಿಂದ ಒಂದು ಸಣ್ಣ ಲಾಭ ಇದೆ. ಒಂದೇ ಪೈಪ್ ಹಲವರ ಬಾಯಿಗೆ ಹೋದರೆ ಎಂಜಲಿನಿಂದ ಸೋಂಕು ಹರಡಬಹುದು. ಆಲ್ಕೋಹಾಲ್ ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಕುಳಿತು ಸೇದುವಾಗ ಕೈಯಿಂದ ಕೈಗೆ ದಾಟುವ ಪೈಪ್ ಅನ್ನು ಪ್ರತಿ ಸಲವೂ ಯಾರೂ ತೊಳೆಯುವುದಿಲ್ಲ.

ಹೇಳಿಕೆ: ನೀರಿನ ಮೂಲಕ ಬಂದರೆ ಹೊಗೆ ಶುದ್ಧ

ಗುಡಗುಡಿ ಅಥವಾ ಹುಕ್ಕಾದ ಬಗ್ಗೆ ಈ ನಂಬಿಕೆ ಬಹಳ ಹಳೆಯದು. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಆದ್ದರಿಂದ ಗಂಟಲಿಗೆ ಘಾಟು ತಾಗುವುದಿಲ್ಲ. ಘಾಟು ಇಲ್ಲದ್ದಕ್ಕೆ ಜನ ಇನ್ನೂ ಆಳವಾಗಿ, ಹೆಚ್ಚು ಹೊತ್ತು ಎಳೆಯುತ್ತಾರೆ. ಒಂದು ಬೈಠಕ್‌ನಲ್ಲಿ ಹುಕ್ಕಾ ಸೇದುವವರು 100 ಅಥವಾ ಅದಕ್ಕೂ ಹೆಚ್ಚು ಸಿಗರೇಟಿನಷ್ಟು ಹೊಗೆ ಎಳೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಮೇಲಿನಿಂದ ಇದ್ದಿಲಿನ ಕಾರ್ಬನ್ ಮಾನಾಕ್ಸೈಡ್ ಬೇರೆ.

ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ ಇದೆ. 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಗಾಂಜಾ ಆದರೆ 1985ರ ಎನ್‌ಡಿಪಿಎಸ್ ಕಾಯ್ದೆ ಅನ್ವಯವಾಗುತ್ತದೆ. ಪೈಪ್ ತೊಳೆದಿಟ್ಟರೆ ಕಾನೂನು ತೊಳೆದುಹೋಗುವುದಿಲ್ಲ.

ಪೈಪ್ ಇಲ್ಲದ ಮನೆಗೂ ಈ ವಿಷಯ ಸೇರಿದ್ದು

ನಮ್ಮ ಮನೆಯಲ್ಲಿ ಯಾರೂ ಸೇದುವುದಿಲ್ಲ ಎಂದು ಇಲ್ಲಿಗೆ ಓದು ನಿಲ್ಲಿಸಬೇಡಿ. ಜೋಯಿಡಾ, ಹಳಿಯಾಳ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಸೌದೆ ಒಲೆ ಇನ್ನೂ ಇದೆ. ಮಳೆಗಾಲದಲ್ಲಿ ಹಸಿ ಸೌದೆ, ಮುಚ್ಚಿದ ಕಿಟಕಿ, ಮನೆ ತುಂಬ ಹೊಗೆ. ಒಲೆಯ ಮೇಲಿನ ಜಂತಿಗೆ ಜೋತುಬೀಳುವ ಇಲ್ಲಣ ಇದೆಯಲ್ಲ, ಅದು ಪೈಪ್‌ನ ಅಂಟಿನ ಹತ್ತಿರದ ನೆಂಟ. ನಿಕೋಟಿನ್ ಇರುವುದಿಲ್ಲ, ಆದರೆ ಕ್ಯಾನ್ಸರ್ ತರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಇದರಲ್ಲೂ ಇವೆ.

ಮಸಿಗೂ ಕ್ಯಾನ್ಸರ್‌ಗೂ ನಂಟಿದೆ ಎಂಬುದು ಹೊಸ ಮಾತಲ್ಲ. ಚಿಕ್ಕಂದಿನಿಂದ ಹೊಗೆಗೂಡು ಗುಡಿಸುವ ಕೆಲಸಕ್ಕೆ ಬಿದ್ದವರಿಗೆ ವೃಷಣಚೀಲದ ಕ್ಯಾನ್ಸರ್ ಬರುತ್ತಿರುವುದನ್ನು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲೇ ಬರೆದಿದ್ದರು. ಇಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಗೂಡು ಗುಡಿಸುವವರಿಗೆ ತಾಗುವ ಮಸಿಯನ್ನು ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿನಲ್ಲಿಯೂ, ಮನೆಯೊಳಗಿನ ಸೌದೆ ಹೊಗೆಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚು ಎಂಬ ಗುಂಪಿನಲ್ಲಿಯೂ ಇಟ್ಟಿದೆ.

ಆದ್ದರಿಂದ ಗಾಯಕ್ಕೆ ಇಲ್ಲಣ ಹಚ್ಚುವ ಹಳೆಯ ಮದ್ದನ್ನು ಬಿಡಿ, ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಿರಿ. ಇಲ್ಲಣ ತೆಗೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿ, ತಲೆ ಮುಚ್ಚಿ, ಮಕ್ಕಳನ್ನು ಹೊರಗೆ ಕಳಿಸಿ, ಮುಗಿದ ಮೇಲೆ ಸ್ನಾನ ಮಾಡಿ. ಒಣ ಸೌದೆ, ಹೊಗೆ ಹೋಗಲು ದಾರಿ, ಸಾಧ್ಯವಾದಾಗ ಗ್ಯಾಸ್ ಇವು ಒಲೆಯ ಮುಂದೆ ದಿನವೂ ಕೂರುವ ಅಮ್ಮ, ಅಜ್ಜಿಯರ ಎದೆಯನ್ನು ಉಳಿಸುತ್ತವೆ.

ಬಿಡಬೇಕು ಅನ್ನಿಸಿದರೆ

2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6, ಕರ್ನಾಟಕದಲ್ಲಿ ಶೇ. 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬಿಡುವುದು ಮನಸ್ಸಿನ ಗಟ್ಟಿತನದ ಪ್ರಶ್ನೆಯಷ್ಟೇ ಅಲ್ಲ, ನಿಕೋಟಿನ್ ಹಿಡಿತ ಮಿದುಳಿನದ್ದು. ಸಹಾಯ ಕೇಳುವುದು ನಾಚಿಕೆಯ ವಿಷಯವಲ್ಲ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತ. ಕೊನೆಯ ಸಲ ಸೇದಿದ ಕೆಲವೇ ದಿನಗಳಲ್ಲಿ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಗಾಜು ತೊಳೆಯುವುದರಿಂದ ಈ ಲಾಭ ಸಿಗುವುದಿಲ್ಲ.

ಮುಂದೆ ಕಳಿಸುವವರಿಗೆ ಸಾರಾಂಶ

• ಆಲ್ಕೋಹಾಲ್ ಮತ್ತು ಉಪ್ಪು ಗಾಜನ್ನು ಶುಚಿ ಮಾಡುತ್ತವೆ: ನಿಜ. ಬೆಂಕಿಯಿಂದ ದೂರ, ಗಾಳಿ ಆಡುವ ಕಡೆ, ಕೈಗವಸು ಹಾಕಿ, ಕೊನೆಗೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.
• ಸೋಡಾ–ವಿನೆಗರ್ ಟಾರ್ ಕರಗಿಸುತ್ತದೆ: ಬಹುಮಟ್ಟಿಗೆ ಸುಳ್ಳು.
• ಬ್ಲೀಚಿಂಗ್‌ಗೆ ಟಾಯ್ಲೆಟ್ ಕ್ಲೀನರ್ ಬೆರೆಸಿ: ಪ್ರಾಣಾಪಾಯ. ಇಂಥ ಸಂದೇಶ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೂ ತಿಳಿಸಿ.
• ಶುಚಿ ಪೈಪ್, ನೀರಿನ ಪೈಪ್ ನಿರಪಾಯಕಾರಿ: ಸುಳ್ಳು.
• ಇಲ್ಲಣ ಗಾಯಕ್ಕೆ ಮದ್ದು: ತಪ್ಪು. ನೀರು, ಸೋಪು, ಅಗತ್ಯವಿದ್ದರೆ ಆಸ್ಪತ್ರೆ.